ಪ್ರೊಟ್‌ಪ್ಯಾರಮ್ ಜೊತೆ 12 ವರ್ಷ: ರಾಯಚೂರಿನ ಒಂದು ತೊಗರಿ ಲ್ಯಾಬಿನಿಂದ

ತೊಗರಿ ಬೀಜದೊಳಗೆ ಒಂದು ಪುಟ್ಟ ಪ್ರೋಟೀನ್ ಇದೆ. ಹುಳುವಿನ ಹೊಟ್ಟೆಯಲ್ಲಿ ಆಹಾರ ಅರಗಿಸುವ ಟ್ರಿಪ್ಸಿನ್ ಅನ್ನು ಅದು ಹಿಡಿದು ನಿಲ್ಲಿಸುತ್ತದೆ. ಇಂಥ ಪ್ರೋಟೀನಿಗೆ ಇನ್ಹಿಬಿಟರ್ ಅನ್ನುತ್ತೇವೆ. ಕಾಯಿಕೊರಕದ ಕಾಟಕ್ಕೆ ನಮ್ಮ ಕಡೆ ರೈತರು ಗಿಡ ಅಲುಗಾಡಿಸಿ ಹುಳು ಬೀಳಿಸಿ ಆರಿಸುವುದನ್ನು ನೋಡುತ್ತಲೇ ಬೆಳೆದವಳು ನಾನು. ಹಾಗಾಗಿ ಈ ಪ್ರೋಟೀನಿನ ಬೆನ್ನು ಹತ್ತಿದೆ. ಅವತ್ತಿಂದ ಇವತ್ತಿನವರೆಗೆ, 12 ವರ್ಷ, ಹೆಚ್ಚುಕಡಿಮೆ ಪ್ರತಿ ವಾರ ನಾನು ತೆರೆದಿರುವ ವೆಬ್ ಪುಟ ಪ್ರೊಟ್‌ಪ್ಯಾರಮ್. ಇಷ್ಟು ದಿನ ಬಳಸಿದ ಮೇಲೆ ಅದರ ಬಗ್ಗೆ ಸರಿಯಾಗಿ ಬರೆಯಬೇಕು ಅನ್ನಿಸಿತು. ಯಾಕೆಂದರೆ ಹುಡುಗರು ಅದನ್ನು ಬಳಸುತ್ತಾರೆ, ಬಂದ ನಂಬರನ್ನು ಥೀಸಿಸ್‌ನಲ್ಲಿ ಅಂಟಿಸುತ್ತಾರೆ, ಆದರೆ ಆ ನಂಬರ್ ಏನು ಹೇಳುತ್ತಿದೆ ಅಂತ ಕನ್ನಡದಲ್ಲಿ ಹೇಳಿಕೊಟ್ಟವರು ಕಡಿಮೆ.

ಅಂಕ ಕೇಳಿದರೆ 5ಕ್ಕೆ 4.5 ಕೊಡುತ್ತೇನೆ. ಕಡಿಮೆ ಮಾಡಿದ ಅರ್ಧ ಯಾಕೆ ಅಂತ ಮುಂದೆ ಹೇಳುತ್ತೇನೆ.

ಗೊತ್ತಿಲ್ಲದವರಿಗೆ ಎರಡು ಮಾತು. ಪ್ರೋಟೀನ್ ಅಂದರೆ 20 ಬಗೆಯ ಅಮೈನೋ ಆಮ್ಲಗಳನ್ನು ಪೋಣಿಸಿದ ಸರ. ಆ ಸರವನ್ನು ಒಂದೊಂದು ಅಕ್ಷರದ ಸೀಕ್ವೆನ್ಸ್ ಆಗಿ ಬರೆಯುತ್ತೇವೆ. ಪ್ರೊಟ್‌ಪ್ಯಾರಮ್‌ಗೆ ಆ ಅಕ್ಷರಗಳನ್ನು ಕೊಟ್ಟರೆ ಸಾಕು. ತೂಕ ಎಷ್ಟು, ಪಿಐ (ಪ್ರೋಟೀನಿನ ಒಟ್ಟು ವಿದ್ಯುತ್ ಅಂಶ ಸೊನ್ನೆಯಾಗುವ ಪಿಎಚ್) ಎಷ್ಟು, ಯಾವ ಅಮೈನೋ ಆಮ್ಲ ಎಷ್ಟಿದೆ, ಇಂಗಾಲ ಸಾರಜನಕ ಗಂಧಕದ ಪರಮಾಣು ಎಷ್ಟು, 280 ನ್ಯಾನೋಮೀಟರ್ ಬೆಳಕನ್ನು ಎಷ್ಟು ಹೀರುತ್ತದೆ, ಎಲ್ಲವನ್ನೂ ಲೆಕ್ಕ ಹಾಕಿ ಕೊಡುತ್ತದೆ. ಇದು ಸ್ವಿಟ್ಜರ್ಲೆಂಡಿನ ಎಕ್ಸ್‌ಪ್ಯಾಸಿ ಎಂಬ ತಾಣದಲ್ಲಿದೆ. ಎಕ್ಸ್‌ಪ್ಯಾಸಿ ಶುರುವಾಗಿದ್ದು 1993ರಲ್ಲಿ, ಜಿನೀವಾದಲ್ಲಿ. ಜೀವವಿಜ್ಞಾನಕ್ಕೆ ಅಂತ ಬಂದ ಮೊಟ್ಟಮೊದಲ ವೆಬ್ ತಾಣಗಳಲ್ಲಿ ಅದೂ ಒಂದು. ಈಗ ಸ್ವಿಸ್ ಇನ್‌ಸ್ಟಿಟ್ಯೂಟ್ ಆಫ್ ಬಯೋಇನ್‌ಫರ್ಮ್ಯಾಟಿಕ್ಸ್ ನಡೆಸುತ್ತದೆ.

ದುಡ್ಡಿಲ್ಲ. ಲಾಗಿನ್ ಇಲ್ಲ. ಒಂದು ಖಾಲಿ ಡಬ್ಬಿ, ಒಂದು ಬಟನ್, ಅಷ್ಟೇ. ಬೇಸಿಗೆಯಲ್ಲಿ ಇಂಟರ್ನೆಟ್ ತೆವಳುವಾಗಲೂ ಫೋನಿನಲ್ಲಿ ತೆರೆದುಕೊಳ್ಳುತ್ತದೆ. ಒಂದು ಕಾಲಕ್ಕೆ ನಾವು ಹಣ ಕೊಟ್ಟು ತಂದ ಒಂದು ಸಾಫ್ಟ್‌ವೇರ್ ಇತ್ತು. ಚೆಂದದ ಬಣ್ಣ, ಚೆಂದದ ಗ್ರಾಫ್. ಲೈಸೆನ್ಸ್ ಮುಗಿದ ದಿನ ನಮ್ಮ ಹಳೆಯ ಫೈಲುಗಳೂ ತೆರೆಯಲಿಲ್ಲ. ಸಣ್ಣ ಊರಿನ ಲ್ಯಾಬಿಗೆ ಇದು ಎಷ್ಟು ದೊಡ್ಡ ಪೆಟ್ಟು ಅಂತ ಅನುಭವಿಸಿದವರಿಗೆ ಗೊತ್ತು. ಪ್ರೊಟ್‌ಪ್ಯಾರಮ್ ಈ 12 ವರ್ಷದಲ್ಲಿ ನನ್ನಿಂದ ಒಂದು ಪೈಸೆ ಕೇಳಿಲ್ಲ.

ಈಗ ಅದರಲ್ಲಿ ನನಗೆ ಅತಿ ಹೆಚ್ಚು ಉಪಯೋಗಕ್ಕೆ ಬಂದ ಸಾಲಿನ ವಿಷಯ.

ಮಾನ್ವಿ ಕಡೆಯ ಒಬ್ಬ ವಿದ್ಯಾರ್ಥಿನಿ ನಮ್ಮಲ್ಲಿ ಎಂ.ಎಸ್‌ಸಿ. ಕೆಲಸ ಮಾಡುತ್ತಿದ್ದಳು. ತೊಗರಿ ಇನ್ಹಿಬಿಟರ್ ಜೊತೆ ಹೋಲಿಸಿ ನೋಡಲು ಸೋಯಾದ ಬೌಮನ್–ಬಿರ್ಕ್ ಇನ್ಹಿಬಿಟರ್ ತರಿಸಿದ್ದೆವು. ಒಂದು ಮಧ್ಯಾಹ್ನ ಟ್ಯೂಬ್ ಹಿಡಿದುಕೊಂಡು ಬಂದಳು. ಅದರ ಓ.ಡಿ., ಅಂದರೆ 280 ನ್ಯಾನೋಮೀಟರ್ ಬೆಳಕನ್ನು ಎಷ್ಟು ಹೀರುತ್ತದೆ ಅನ್ನುವ ಮೆಷೀನಿನ ರೀಡಿಂಗ್, ನೋಡಿಕೊಂಡು ಬಂದಿದ್ದಳು.

"ಮೇಡಂ, ಓ.ಡಿ. 0.40 ಬಂದೈತ್ರಿ. ಅಂದ್ರ ಮಿಲ್ಲಿಗೆ 0.40 ಮಿಲಿಗ್ರಾಂ ಅಂತ ಬರೀಲೇನ್ರಿ?"

"ಹಂಗ್ಯಾಕ ಬರೀತೀವ್ವಾ?"

"ಒಂದು ಓ.ಡಿ. ಅಂದ್ರ ಒಂದು ಮಿಲಿಗ್ರಾಂ ಅಂತ ಸೀನಿಯರ್ ಹೇಳ್ಯಾರ್ರಿ."

ಈ ಮಾತು ಎಲ್ಲ ಲ್ಯಾಬಿನಲ್ಲೂ ಓಡಾಡುತ್ತದೆ. ಸೀನಿಯರ್ ಜೂನಿಯರ್‌ಗೆ ಹೇಳುತ್ತಾನೆ, ಅವನು ಮುಂದಿನವರಿಗೆ. ಅಂದಾಜಿಗೆ ಪರವಾಗಿಲ್ಲ. ಆದರೆ 280ರ ಬೆಳಕನ್ನು ಹೀರುವುದು ಇಡೀ ಪ್ರೋಟೀನ್ ಅಲ್ಲ. ಮುಖ್ಯವಾಗಿ ಅದರಲ್ಲಿರುವ ಟ್ರಿಪ್ಟೊಫ್ಯಾನ್, ಆಮೇಲೆ ಟೈರೋಸಿನ್, ಚೂರುಪಾರು ಡೈಸಲ್ಫೈಡ್ ಬಂಧಗಳು. ಪ್ರೊಟ್‌ಪ್ಯಾರಮ್ ಬಳಸುವ ಲೆಕ್ಕ ತುಂಬಾ ಸರಳ. ಒಂದು ಟ್ರಿಪ್ಟೊಫ್ಯಾನಿಗೆ 5500, ಒಂದು ಟೈರೋಸಿನ್‌ಗೆ 1490, ಎರಡು ಸಿಸ್ಟೀನ್ ಸೇರಿ ಆದ ಒಂದು ಬಂಧಕ್ಕೆ 125. ಎಣಿಸು, ಗುಣಿಸು, ಕೂಡಿಸು.

ಇಬ್ಬರೂ ಕಾಗದದ ಮೇಲೆ ಮಾಡಿದೆವು. ಕೋಳಿ ಮೊಟ್ಟೆಯ ಲೈಸೋಜೈಮ್ ಮೊದಲು. ಅದರಲ್ಲಿ 6 ಟ್ರಿಪ್ಟೊಫ್ಯಾನ್, 3 ಟೈರೋಸಿನ್, 4 ಬಂಧ. ಕೂಡಿದರೆ 37970. ತೂಕ 14313. ಭಾಗಿಸಿದರೆ 2.65. ಅಂದರೆ ಮಿಲ್ಲಿಗೆ 1 ಮಿಲಿಗ್ರಾಂ ಇದ್ದರೆ ಮೆಷೀನ್ 2.65 ತೋರಿಸಬೇಕು. ಆಮೇಲೆ ಸೋಯಾ ಇನ್ಹಿಬಿಟರ್. 71 ಅಮೈನೋ ಆಮ್ಲದ ಪುಟ್ಟ ಸರ. ಟ್ರಿಪ್ಟೊಫ್ಯಾನ್ ಒಂದೂ ಇಲ್ಲ. ಟೈರೋಸಿನ್ 2. ಸಿಸ್ಟೀನ್ 14, ಅಂದರೆ 7 ಬಂಧ. ಕೂಡಿದರೆ 3855. ತೂಕ ಸುಮಾರು 7870. ಭಾಗಿಸಿದರೆ 0.49.

ಅವಳು ಪೆನ್ನು ಕೆಳಗಿಟ್ಟು ಟ್ಯೂಬನ್ನೇ ನೋಡುತ್ತ ಕೂತಳು. 0.40 ಅಂದರೆ 0.40 ಮಿಲಿಗ್ರಾಂ ಅಲ್ಲ, 0.82. ಎರಡು ಪಟ್ಟು. ಎರಡು ತಿಂಗಳಿಂದ ಅವಳ ಪುಸ್ತಕದಲ್ಲಿ ಒಂದು ಮಿಲಿಗ್ರಾಂ ಇನ್ಹಿಬಿಟರ್ ಎಷ್ಟು ಟ್ರಿಪ್ಸಿನ್ ಹಿಡಿಯುತ್ತದೆ ಅಂತ ಬರೆದಿದ್ದೆಲ್ಲ ಎರಡು ಪಟ್ಟು ಜಾಸ್ತಿ ಆಗಿತ್ತು. ಒಳ್ಳೆ ಸುದ್ದಿ ಅಂದರೆ ಪ್ರಯೋಗ ಯಾವುದೂ ಹಾಳಾಗಿರಲಿಲ್ಲ. ಲೆಕ್ಕ ಮಾತ್ರ ತಿದ್ದಿದರೆ ಆಯಿತು. ಅವತ್ತು ಸಂಜೆ ಕೂತು ಪೂರ್ತಿ ತಿದ್ದಿದಳು.

ಪ್ರೊಟ್‌ಪ್ಯಾರಮ್ ಇಲ್ಲಿ ಎರಡು ಉತ್ತರ ಕೊಡುತ್ತದೆ, ಅದನ್ನು ಗಮನಿಸಿ. ಸಿಸ್ಟೀನ್ ಎಲ್ಲ ಜೋಡಿಯಾಗಿದ್ದರೆ ಒಂದು, ಎಲ್ಲ ಬಿಡಿಬಿಡಿಯಾಗಿದ್ದರೆ ಇನ್ನೊಂದು. ಲೈಸೋಜೈಮ್‌ಗೆ ಇವೆರಡರ ನಡುವೆ ಏನೂ ದೊಡ್ಡ ವ್ಯತ್ಯಾಸ ಇಲ್ಲ, 37970 ಮತ್ತು 37470. ಆದರೆ ಸೋಯಾ ಇನ್ಹಿಬಿಟರ್‌ಗೆ 3855 ಮತ್ತು 2980. ತಪ್ಪು ಸಾಲು ಹಿಡಿದರೆ ಕಾಲು ಭಾಗದಷ್ಟು ಲೆಕ್ಕ ತಪ್ಪುತ್ತದೆ. ಟ್ರಿಪ್ಟೊಫ್ಯಾನ್ ಇಲ್ಲದ ಪ್ರೋಟೀನ್ ಕೊಟ್ಟಾಗ ಪುಟವೇ ಎಚ್ಚರಿಸುತ್ತದೆ, ಈ ಲೆಕ್ಕ 10%ಗಿಂತ ಜಾಸ್ತಿ ಆಚೀಚೆ ಆಗಬಹುದು ಅಂತ. ಈ ಪ್ರಾಮಾಣಿಕತೆ ನನಗೆ ತುಂಬಾ ಇಷ್ಟ. ಮುಖ್ಯ ರೀಡಿಂಗ್‌ಗಳನ್ನು ನಾವು ಇನ್ನೊಂದು ವಿಧಾನದಲ್ಲಿ ತಾಳೆ ನೋಡಿಯೇ ಬರೆಯುತ್ತೇವೆ.

ಈಗ ನಾನೇ ಮಾಡಿದ ತಪ್ಪು. ಶುರುವಿನ ವರ್ಷಗಳಲ್ಲಿ ಒಂದು ಪೋಸ್ಟರ್ ಮಾಡಿದ್ದೆ. ಪ್ರೋಟೀನುಗಳನ್ನು ಗಾತ್ರದ ಪ್ರಕಾರ ಬೇರ್ಪಡಿಸುವ ಜೆಲ್ ಚಿತ್ರದಲ್ಲಿ ಬ್ಯಾಂಡ್ 8 ಕಿಲೋಡಾಲ್ಟನ್ (ಪ್ರೋಟೀನ್ ತೂಕದ ಅಳತೆ) ಹತ್ತಿರ. ಪಕ್ಕದ ಪಟ್ಟಿಯಲ್ಲಿ ಪ್ರೊಟ್‌ಪ್ಯಾರಮ್ ತೂಕ 12 ಅಂತ. ಹಿರಿಯರೊಬ್ಬರು ಬಂದು ನಿಂತು ಎರಡರ ಮೇಲೂ ಬೆರಳಿಟ್ಟು, "ಇವೆರಡರಲ್ಲಿ ನಿಮ್ಮ ಪ್ರೋಟೀನ್ ಯಾವುದಮ್ಮ?" ಅಂತ ಕೇಳಿದರು. ನನ್ನ ಹತ್ತಿರ ಉತ್ತರ ಇರಲಿಲ್ಲ.

ಆಗಿದ್ದು ಏನಂದರೆ, ಡೇಟಾಬೇಸಿನಲ್ಲಿ ಸಿಗುವುದು ಗಿಡ ಮೊದಲು ತಯಾರಿಸುವ ಪೂರ್ತಿ ಸರ. ಅದರ ಮುಂದಿನ ತುಂಡು ವಿಳಾಸದ ಚೀಟಿ ಇದ್ದ ಹಾಗೆ, ಜಾಗ ಸೇರಿದ ಮೇಲೆ ಕತ್ತರಿಸಿ ಹೋಗುತ್ತದೆ. ಸೋಯಾ ಬೌಮನ್–ಬಿರ್ಕ್ ಡೇಟಾಬೇಸಿನಲ್ಲಿ 110 ಅಮೈನೋ ಆಮ್ಲ. ಬೀಜದಲ್ಲಿ ಇರುವುದು ಕೊನೆಯ 71 ಮಾತ್ರ. ಲೈಸೋಜೈಮ್ 147, ಮೊಟ್ಟೆಯ ಬಿಳಿಯಲ್ಲಿ ಇರುವುದು 129. ನಾನು ಪೂರ್ತಿ ಸರ ಅಂಟಿಸಿದ್ದೆ. ಪ್ರೊಟ್‌ಪ್ಯಾರಮ್ ಕೇಳಿದ್ದಕ್ಕೆ ಸರಿಯಾಗೇ ಉತ್ತರ ಕೊಟ್ಟಿತ್ತು. ಕೇಳಿದ್ದೇ ತಪ್ಪಾಗಿತ್ತು.

ತಪ್ಪಿಸಿಕೊಳ್ಳುವ ದಾರಿ ಆ ಪುಟದಲ್ಲೇ ಇದೆ. ಸೀಕ್ವೆನ್ಸ್ ಅಂಟಿಸುವ ಬದಲು ಯೂನಿಪ್ರಾಟ್ ಎಂಬ ಪ್ರೋಟೀನ್ ಡೇಟಾಬೇಸಿನ ನಂಬರ್ ಹಾಕಿ. ಲೈಸೋಜೈಮ್ ಆದರೆ ಪಿ00698. ಆಗ ಯಾವ ತುಂಡು ಸಿಗ್ನಲ್ (ಆ ವಿಳಾಸದ ಚೀಟಿ), ಯಾವುದು ಕತ್ತರಿಸಿ ಉಳಿದ ಪಕ್ವ ಸರ ಅಂತ ಪಟ್ಟಿ ತೋರಿಸಿ, ಯಾವುದರ ಲೆಕ್ಕ ಬೇಕು ಅಂತ ಕೇಳುತ್ತದೆ. ಪಕ್ವ ಸರವನ್ನೇ ಆರಿಸಿ. ಬ್ಯಾಕ್ಟೀರಿಯಾದಲ್ಲಿ ಬೆಳೆಸಿದ ಪ್ರೋಟೀನ್ ಆಗಿದ್ದರೆ ಶುದ್ಧೀಕರಿಸಲು ಜೋಡಿಸಿದ ಹಿಸ್ಟಿಡಿನ್ ಟ್ಯಾಗ್ ಅನ್ನೂ ಸೇರಿಸಿ ಅಂಟಿಸಿ. ಎಲ್ಲರೂ ಬಳಸುವ ಪೆಟ್–28 ವೆಕ್ಟರಿನ (ಜೀನನ್ನು ಬ್ಯಾಕ್ಟೀರಿಯಾದೊಳಗೆ ಒಯ್ಯುವ ಡಿಎನ್ಎ) ಟ್ಯಾಗ್ 20 ಅಮೈನೋ ಆಮ್ಲ ಇದೆ, ತೂಕಕ್ಕೆ ಸುಮಾರು 2 ಕಿಲೋಡಾಲ್ಟನ್ ಸೇರುತ್ತದೆ. ಟ್ಯೂಬಿನಲ್ಲಿ ಏನಿದೆಯೋ ಅದನ್ನೇ ಡಬ್ಬಿಯಲ್ಲಿ ಹಾಕಬೇಕು. ನಮ್ಮ ಲ್ಯಾಬಿನಲ್ಲಿ ಹೊಸಬರಿಗೆ ನಾನು ಮೊದಲ ದಿನ ಹೇಳುವುದು ಇದೊಂದೇ.

ತೂಕದ ವಿಷಯದಲ್ಲಿ ಒಂದು ಖುಷಿಯ ದಿನವೂ ಇದೆ. ತೊಗರಿ ಇನ್ಹಿಬಿಟರ್ ಅನ್ನು ತೂಕ ನಿಖರವಾಗಿ ಅಳೆಯುವ ಮಾಸ್ ಸ್ಪೆಕ್‌ಗೆ ಹೊರಗೆ ಕಳಿಸಿದ್ದೆವು. ರಿಪೋರ್ಟ್ ಬಂತು. ಪ್ರೊಟ್‌ಪ್ಯಾರಮ್ ಹೇಳಿದ ತೂಕಕ್ಕಿಂತ 14 ಡಾಲ್ಟನ್ ಕಡಿಮೆ. ಸಿಂಧನೂರಿನ ಹುಡುಗ ಮುಖ ಸಣ್ಣದು ಮಾಡಿಕೊಂಡು ಕೂತಿದ್ದ. ಸ್ಯಾಂಪಲ್ ಕೆಟ್ಟಿದೆ, ಮತ್ತೆ ಬೀಜ ಬೀಸುವುದರಿಂದ ಶುರು ಮಾಡಬೇಕು ಅಂದುಕೊಂಡಿದ್ದ. ನಾನು ಅವನಿಗೆ ಸಿಸ್ಟೀನ್ ಎಷ್ಟಿದೆ ಎಣಿಸು ಅಂದೆ. 14. ಒಂದೊಂದು ಬಂಧ ಆಗುವಾಗ ಎರಡು ಹೈಡ್ರೋಜನ್ ಹೊರಗೆ ಹೋಗುತ್ತವೆ. 7 ಬಂಧಕ್ಕೆ 14 ಹೈಡ್ರೋಜನ್, 14 ಡಾಲ್ಟನ್. ಪ್ರೊಟ್‌ಪ್ಯಾರಮ್ ತೂಕ ಲೆಕ್ಕ ಹಾಕುವಾಗ ಬಂಧಗಳನ್ನು ಕಳೆಯುವುದಿಲ್ಲ. ಕಡಿಮೆ ಬಂದದ್ದು ತಪ್ಪಲ್ಲ. ನಮ್ಮ ಪ್ರೋಟೀನಿನ ಏಳೂ ಬಂಧ ಗಟ್ಟಿಯಾಗಿ ಕೂತಿವೆ ಅನ್ನುವುದಕ್ಕೆ ಅದೇ ಗುರುತು. "ಹೌದಲ್ರೀ ಮೇಡಂ!" ಅಂತ ಎದ್ದು ನಿಂತ ಹುಡುಗನ ಮುಖ ನನಗೆ ಇನ್ನೂ ಕಣ್ಣ ಮುಂದಿದೆ.

ಇನ್ನು ಅಸ್ಥಿರತೆ ಸೂಚ್ಯಂಕ. ಥೀಸಿಸ್‌ಗಳಲ್ಲಿ ಅತಿ ಹೆಚ್ಚು ತಪ್ಪಾಗಿ ಓದುವ ನಂಬರ್ ಇದೇ. 40ರ ಒಳಗಿದ್ದರೆ ಸ್ಥಿರ, ದಾಟಿದರೆ ಅಸ್ಥಿರ ಅಂತ ಪುಟ ಹೇಳುತ್ತದೆ. ಈ ವಿಧಾನ ಹುಟ್ಟಿದ್ದು ನಮ್ಮ ಪಕ್ಕದಲ್ಲೇ, ಹೈದರಾಬಾದಿನ ಸಿಸಿಎಂಬಿ ಎಂಬ ಜೀವವಿಜ್ಞಾನ ಸಂಶೋಧನಾ ಸಂಸ್ಥೆಯಲ್ಲಿ. ಗುರುಪ್ರಸಾದ್, ರೆಡ್ಡಿ ಮತ್ತು ಪಂಡಿತ್ 1990ರಲ್ಲಿ ಪ್ರಕಟಿಸಿದ ಕೆಲಸ. ಜಗತ್ತಿನ ಎಲ್ಲಾ ಲ್ಯಾಬಿನವರು ಬಳಸುವ ಒಂದು ಅಳತೆ ರಾಯಚೂರಿನಿಂದ ರೈಲಿನಲ್ಲಿ ಅರ್ಧ ದಿನ ಹಿಡಿಯದ ಊರಿನಿಂದ ಬಂದಿದೆ ಅಂತ ಹುಡುಗರಿಗೆ ಹೇಳುವಾಗ ನನಗೆ ಎದೆ ತುಂಬಿ ಬರುತ್ತದೆ. ಅವರು 12 ಅಸ್ಥಿರ, 32 ಸ್ಥಿರ ಪ್ರೋಟೀನುಗಳನ್ನು ಇಟ್ಟುಕೊಂಡು, ಅಕ್ಕಪಕ್ಕದ ಅಮೈನೋ ಆಮ್ಲಗಳ 400 ಜೋಡಿಗಳಲ್ಲಿ ಯಾವುದು ಎಲ್ಲಿ ಜಾಸ್ತಿ ಅಂತ ನೋಡಿ, ಪ್ರತಿ ಜೋಡಿಗೂ ಒಂದು ತೂಕ ಕೊಟ್ಟರು. ಬರೀ ಸೀಕ್ವೆನ್ಸ್ ನೋಡಿ ಇಷ್ಟು ಹೇಳಬಹುದು ಅಂತ ಆ ಕಾಲಕ್ಕೆ ಯೋಚಿಸಿದ್ದೇ ದೊಡ್ಡದು.

ಆದರೆ ಅದು ಹೇಳುವುದು ಜೀವಕೋಶದೊಳಗೆ ಪ್ರೋಟೀನ್ ಎಷ್ಟು ಬಾಳಬಹುದು ಅನ್ನುವ ಅಂದಾಜು. ಬಿಸಿಗೆ ತಡೆಯುತ್ತದಾ, ಫ್ರಿಜ್‌ನಲ್ಲಿ ಎಷ್ಟು ದಿನ ಇರುತ್ತದೆ ಅಂತ ಅಲ್ಲ. ಡೈಸಲ್ಫೈಡ್ ಬಂಧ, ಮಡಿಕೆ, ಇದಾವುದನ್ನೂ ಅದು ನೋಡುವುದಿಲ್ಲ. ನಮ್ಮ ತೊಗರಿ ಇನ್ಹಿಬಿಟರ್ 40ನ್ನು ಆರಾಮಾಗಿ ದಾಟಿತ್ತು. ಅಸ್ಥಿರ ಅಂತ ಬರೆದು ಮುಗಿಸಬಹುದಿತ್ತು. ಸುಮ್ನೆ ನಂಬುವ ಬದಲು ಮಾಡಿ ನೋಡಿದೆವು. ಟ್ಯೂಬನ್ನು ಕುದಿಯುವ ನೀರಿನಲ್ಲಿ 10 ನಿಮಿಷ ಇಟ್ಟೆವು. ತಣಿಸಿ, ಟ್ರಿಪ್ಸಿನ್ ಬೆರೆಸಿ, ಬಿಎಪಿಎನ್ಎ ಹಾಕಿದೆವು. ಟ್ರಿಪ್ಸಿನ್ ಕೆಲಸ ಮಾಡಿದರೆ ಅದು ಹಳದಿಗೆ ತಿರುಗುತ್ತದೆ. ಪಕ್ಕದ ಬರೀ ಟ್ರಿಪ್ಸಿನ್ ಟ್ಯೂಬು ನೋಡನೋಡುತ್ತಿದ್ದಂತೆ ಅರಿಸಿನದ ನೀರಿನ ಹಾಗೆ ಆಯಿತು. ಕುದಿಸಿದ ಇನ್ಹಿಬಿಟರ್ ಇದ್ದ ಟ್ಯೂಬು ನೀರಿನ ಹಾಗೇ ತಿಳಿಯಾಗಿ ನಿಂತಿತ್ತು. ಏಳು ಬಂಧಗಳು ಅದನ್ನು ಕುದಿಯುವ ನೀರಿನಲ್ಲೂ ಬಿಗಿಯಾಗಿ ಹಿಡಿದಿದ್ದವು.

ಅರ್ಧಾಯುಷ್ಯದ ಸಾಲು ಇನ್ನೂ ಎಚ್ಚರ ಬೇಡುತ್ತದೆ. ಇದು 1986ರಲ್ಲಿ ವರ್ಷಾವ್ಸ್ಕಿ ಅವರ ತಂಡ ಕಂಡುಕೊಂಡ ನಿಯಮದಿಂದ ಬಂದದ್ದು. ಸರದ ಮೊದಲ ಅಮೈನೋ ಆಮ್ಲ ಯಾವುದು ಅನ್ನುವುದರ ಮೇಲೆ ಜೀವಕೋಶದೊಳಗೆ ಪ್ರೋಟೀನ್ ಎಷ್ಟು ಹೊತ್ತು ಉಳಿಯುತ್ತದೆ ಅನ್ನುವ ಲೆಕ್ಕ. ಪುಟ ಮೂರು ಉತ್ತರ ಕೊಡುತ್ತದೆ: ಸಸ್ತನಿ, ಯೀಸ್ಟ್, ಇ. ಕೋಲಿ ಬ್ಯಾಕ್ಟೀರಿಯಾ. ಮೊದಲ ಅಕ್ಷರ ಮೆಥಿಯೋನಿನ್ ಆದರೆ ಸಸ್ತನಿಗೆ 30 ಗಂಟೆ. ಸೋಯಾ ಇನ್ಹಿಬಿಟರ್ ಶುರುವಾಗುವುದು ಆಸ್ಪಾರ್ಟಿಕ್ ಆಮ್ಲದಿಂದ. ಅದಕ್ಕೆ ಸಸ್ತನಿಯಲ್ಲಿ 1.1 ಗಂಟೆ, ಯೀಸ್ಟಿನಲ್ಲಿ 3 ನಿಮಿಷ. ವರ್ಷಗಟ್ಟಲೆ ಒಣ ಬೀಜದಲ್ಲಿ ಕೂತಿರುವ ಪ್ರೋಟೀನ್ ಅದು! ನಿಯಮ ಸುಳ್ಳಲ್ಲ. ಅದು ಕೋಶದ ಒಳರಸದಲ್ಲಿ ತಿರುಗಾಡುವ ಪ್ರೋಟೀನಿನ ಮಾತು, ಬೀಜದ ಚೀಲದೊಳಗೆ ಭದ್ರವಾಗಿ ಇಟ್ಟ ಪ್ರೋಟೀನಿನದ್ದಲ್ಲ. ಬೆಳೆಗಳ ಮೇಲೆ ಕೆಲಸ ಮಾಡುವವರು ಈ ಸಾಲನ್ನು ಥೀಸಿಸ್‌ನಿಂದ ಬಿಟ್ಟರೂ ನಡೆಯುತ್ತದೆ. ಗಿಡಗಳಿಗೆ ಒಂದು ಸಾಲು ಇಲ್ಲ ಅನ್ನುವುದು ನನ್ನ ಅರ್ಧ ಅಂಕ ಕಳೆದದ್ದಕ್ಕೆ ಒಂದು ಕಾರಣ.

ಇನ್ನೊಂದು ಕಾರಣ ಪಿಐ. ಪ್ರೋಟೀನ್ ಶುದ್ಧೀಕರಿಸುವ ಕಾಲಂ ಆರಿಸಲು ಪಿಐ ಬೇಕೇ ಬೇಕು. ಬಫರಿನ ಪಿಎಚ್ ಪಿಐಗಿಂತ ಮೇಲಿದ್ದರೆ ಪ್ರೋಟೀನ್ ಋಣ ವಿದ್ಯುತ್ತಿನದ್ದಾಗಿ ಡಿಇಎಇ ಕಾಲಮ್ಮಿಗೆ ಅಂಟುತ್ತದೆ, ಕೆಳಗಿದ್ದರೆ ಸಿಎಂ ಕಾಲಮ್ಮಿಗೆ. ಅದಕ್ಕೆ ಪ್ರೊಟ್‌ಪ್ಯಾರಮ್ ಸಾಕು. ಆದರೆ ಬಂಧದಲ್ಲಿ ಸಿಕ್ಕ ಸಿಸ್ಟೀನನ್ನೂ ಅದು ಬಿಡಿ ಸಿಸ್ಟೀನ್ ಅಂತಲೇ ಎಣಿಸುತ್ತದೆ. ಹಾಗಾಗಿ ಕ್ಷಾರದ ಕಡೆಯ ಪ್ರೋಟೀನುಗಳಿಗೆ ಉತ್ತರ ಕೆಳಗೆ ಜಾರುತ್ತದೆ. ಲೈಸೋಜೈಮ್‌ಗೆ ಅದು ಹೇಳುವುದು 9.32, ಅಳೆದರೆ ಸಿಗುವುದು 11ರ ಆಸುಪಾಸು. ಬೆಳಕಿನ ಲೆಕ್ಕಕ್ಕೆ ಎರಡು ಉತ್ತರ ಕೊಡುವ ಹಾಗೆ ಪಿಐಗೂ ಎರಡು ಕೊಟ್ಟಿದ್ದರೆ ಎಷ್ಟು ಚೆನ್ನಾಗಿತ್ತು ಅಲ್ವಾ?

ಗ್ರೇವಿ ಅನ್ನುವ ನಂಬರ್ ಪ್ರೋಟೀನ್ ನೀರನ್ನು ಇಷ್ಟಪಡುತ್ತದಾ ಇಲ್ಲವಾ ಅಂತ ಒಟ್ಟು ಸರಾಸರಿ ಹೇಳುತ್ತದೆ. ಮೈನಸ್ ಇದ್ದರೆ ನೀರಿನ ಗೆಳೆಯ. ಅದರಿಂದಾಚೆ ನಾನು ಅದನ್ನು ಎಳೆಯುವುದಿಲ್ಲ.

ಪ್ರೊಟ್‌ಪ್ಯಾರಮ್ ಒಂದು ಸಲಕ್ಕೆ ಒಂದೇ ಸೀಕ್ವೆನ್ಸ್ ತೆಗೆದುಕೊಳ್ಳುತ್ತದೆ. ಎರಡು–ಮೂರು ಪ್ರೋಟೀನ್ ಇದ್ದವರಿಗೆ ಇದು ಗೊತ್ತೇ ಆಗುವುದಿಲ್ಲ. ನಮಗೆ ಗೊತ್ತಾಗಿದ್ದು ತೊಗರಿ ಜೀನೋಮ್ ಕೈಗೆತ್ತಿಕೊಂಡಾಗ. ಹೈದರಾಬಾದ್ ಹತ್ತಿರದ ಪಟಾನ್‌ಚೆರುವಿನ ಇಕ್ರಿಸ್ಯಾಟ್ ಎಂಬ ಕೃಷಿ ಸಂಶೋಧನಾ ಸಂಸ್ಥೆಯ ಮುಂದಾಳತ್ವದಲ್ಲಿ 2011ರಲ್ಲಿ 'ಆಶಾ' ತಳಿಯ ಜೀನೋಮ್ ಹೊರಬಂತು, 48,680 ಜೀನ್‌ಗಳ ಅಂದಾಜಿನೊಂದಿಗೆ. ಅದರಲ್ಲಿ ಇನ್ಹಿಬಿಟರ್ ತರಹದವನ್ನು ಆರಿಸಿದರೂ ಒಂದೊಂದಾಗಿ ಅಂಟಿಸುತ್ತ ಕೂತರೆ ಬೆರಳು ಸೋಲುತ್ತದೆ. ಆಗ ಜೀವವಿಜ್ಞಾನದ ಲೆಕ್ಕಗಳಿಗೆಂದೇ ಇರುವ ಬಯೋಪೈಥಾನ್ ಎಂಬ ಪ್ರೋಗ್ರಾಂ ಸಂಗ್ರಹ ಕಲಿತೆವು. ಅದರೊಳಗೆ ಪ್ರೊಟ್‌ಪ್ಯಾರಮ್ ಹೆಸರಿನದೇ ಒಂದು ಭಾಗ ಇದೆ. ಅದೂ ಉಚಿತ. ಒಂದು ಸಲ ಲ್ಯಾಪ್‌ಟಾಪಿಗೆ ಹಾಕಿಕೊಂಡರೆ ಇಂಟರ್ನೆಟ್ ಬೇಡ, ಕರೆಂಟ್ ಹೋದರೂ ಬ್ಯಾಟರಿ ಇರುವ ತನಕ ಕೆಲಸ ನಡೆಯುತ್ತದೆ. ಏಪ್ರಿಲ್–ಮೇ ತಿಂಗಳ ರಾಯಚೂರಿನಲ್ಲಿ ಇದು ಸಣ್ಣ ಮಾತಲ್ಲ. ತೂಕ, ಪಿಐ, ಅಸ್ಥಿರತೆ, ಗ್ರೇವಿ, ಬೆಳಕಿನ ಎರಡೂ ಲೆಕ್ಕ, ಎಲ್ಲ ಕೊಡುತ್ತದೆ. ಅಲಿಫ್ಯಾಟಿಕ್ ಸೂಚ್ಯಂಕ (ನೀರನ್ನು ಇಷ್ಟಪಡದ ನಾಲ್ಕು ಅಮೈನೋ ಆಮ್ಲಗಳ ಪಾಲಿನ ಲೆಕ್ಕ) ಮಾತ್ರ ಇಲ್ಲ. ಅದನ್ನು ನಾವೇ ಒಂದು ಸಾಲಿನಲ್ಲಿ ಬರೆದುಕೊಂಡೆವು: ಅಲನಿನ್ ಶೇಕಡಾ, ಅದಕ್ಕೆ ವ್ಯಾಲಿನ್ ಶೇಕಡಾದ 2.9 ಪಟ್ಟು, ಅದಕ್ಕೆ ಐಸೋಲ್ಯೂಸಿನ್ ಮತ್ತು ಲ್ಯೂಸಿನ್ ಶೇಕಡಾಗಳ ಮೊತ್ತದ 3.9 ಪಟ್ಟು. ಒಂದು ಎಚ್ಚರಿಕೆ: ಒಂದೇ ಪಟ್ಟಿಯಲ್ಲಿ ಕೆಲವು ನಂಬರ್ ಪುಟದಿಂದ, ಕೆಲವು ಬಯೋಪೈಥಾನಿನಿಂದ ಹಾಕಬೇಡಿ. ಯಾವುದಾದರೂ ಒಂದನ್ನೇ ಹಿಡಿಯಿರಿ, ಯಾವುದು ಅಂತ ಕೆಳಗೆ ಬರೆಯಿರಿ.

ಇದು ಯಾರಿಗೆ ಬೇಡ ಅಂತಲೂ ಹೇಳಬೇಕು. ಬೇಳೆ ಮಿಲ್ ನಡೆಸುವ ನಮ್ಮ ಸಂಬಂಧಿಕರೊಬ್ಬರು ಒಮ್ಮೆ ಕೇಳಿದರು, "ನಮ್ಮ ತೊಗರಿ ಬೇಳಿಯೊಳಗ ಯಾವ ಅಮೈನೋ ಆಮ್ಲ ಎಷ್ಟ ಐತಿ ಅಂತ ನಿನ್ನ ಕಂಪ್ಯೂಟರ್ ಹೇಳ್ತೈತೇನವ್ವಾ?" ಅಂತ. ಇಲ್ಲ. ಬೇಳೆಯಲ್ಲಿ ನೂರಾರು ಪ್ರೋಟೀನ್ ಬೇರೆಬೇರೆ ಪ್ರಮಾಣದಲ್ಲಿವೆ. ಪ್ರೊಟ್‌ಪ್ಯಾರಮ್ ಮಾತಾಡುವುದು ಒಂದು ಸರದ ಬಗ್ಗೆ. ಹಿಟ್ಟಿನ ಲೆಕ್ಕ ಬೇಕಾದರೆ ಆಮ್ಲದಲ್ಲಿ ಕುದಿಸಿ ಬಿಡಿಸಿ ಮೆಷೀನಿನಲ್ಲೇ ಅಳೆಸಬೇಕು. ಅದರಲ್ಲೂ ಟ್ರಿಪ್ಟೊಫ್ಯಾನ್ ಆಮ್ಲದಲ್ಲಿ ಹಾಳಾಗುವುದರಿಂದ ಅದನ್ನು ಬೇರೆಯಾಗಿ ಅಳೆಯಬೇಕು. ಅವರಿಗೆ ಇದನ್ನೆಲ್ಲ ಹೇಳಿ, ಸ್ಯಾಂಪಲ್ ಹೇಗೆ ಕಳಿಸಬೇಕು ಅಂತ ಬರೆದುಕೊಟ್ಟೆ.

ಮಾನ್ವಿಯ ಹುಡುಗಿ ಪದವಿ ಮುಗಿಸಿ ಹೋಗಿದ್ದಾಳೆ. ಹೋಗುವ ಮುಂಚೆ ಫ್ರೀಜರಿನ ಬಾಗಿಲಿಗೆ ಒಂದು ಪಟ್ಟಿ ಅಂಟಿಸಿದಳು. ಒಳಗಿರುವ ಪ್ರತಿ ಪ್ರೋಟೀನಿಗೂ ಮೂರು ವಿಷಯ ಬರೆದಿದ್ದಾಳೆ: ಯಾವ ಅಕ್ಷರದಿಂದ ಯಾವ ಅಕ್ಷರದವರೆಗಿನ ಸರ, ಬಂಧ ಎಷ್ಟು, ಮಿಲ್ಲಿಗೆ 1 ಮಿಲಿಗ್ರಾಂ ಇದ್ದರೆ ಓ.ಡಿ. ಎಷ್ಟು. ಸೋಯಾದ ಮುಂದೆ 0.49 ಅಂತ ಕೆಂಪು ಪೆನ್ನಿನಲ್ಲಿದೆ. ಹೊಸ ಟ್ಯೂಬ್ ಒಳಗಿಡುವಾಗ ಹುಡುಗರು ಈಗ ಅದಕ್ಕೆ ಹೊಸ ಸಾಲು ಸೇರಿಸುತ್ತಾರೆ. ಹೋದ ವಾರ 23ನೇ ಸಾಲು ಬಂತು.